ಹದಿನೆಂಟನೇ ನಂಬರಿನ ಡಬ್ಬಿ ಮನೆ

ನಿವೃತ್ತಿಯ ದಿನ ಸವದತ್ತಿಯ ಕಚೇರಿಯಲ್ಲಿ ಸರ್ವೇಯರ್ ಮಡಿವಾಳೆಪ್ಪನವರು ಕೊರಳಲ್ಲಿ ಮೂರು ಹಾರ, ಹೆಗಲ ಮೇಲೆ ಎರಡು ಶಾಲು, ಕೈಯಲ್ಲೊಂದು ತೆಂಗಿನಕಾಯಿ ಹೊತ್ತುಕೊಂಡು ಮೈಕಿನ ಮುಂದೆ ನಿಂತು ಘೋಷಿಸಿದರು: "ರಿಟೈರ್ ಆದವ್ರೆಲ್ಲಾ ಮನಿ ಕಟ್ಟಸ್ತಾರ. ನಾ ಕಟ್ಟಸೂದಿಲ್ಲ. ನಾ ಮನಿ ತರಸ್ತೇನಿ."

ಸಭೆಗೆ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೇ ಇರಬೇಕು, ಚಪ್ಪಾಳೆ ಜೋರಾಗಿ ಬಿತ್ತು.

ಆಗಿದ್ದು ಇಷ್ಟೇ. ಹಡಗಿನಲ್ಲಿ ಸಾಮಾನು ತುಂಬಿ ಕಳಿಸುವ ದೊಡ್ಡ ಕಬ್ಬಿಣದ ಪೆಟ್ಟಿಗೆಗೆ ಕಿಟಕಿ ಕೊರೆದು, ಒಳಗೆ ಹಲಗೆ ಬಡಿದು, ಅಡುಗೆಕಟ್ಟೆ ಬಚ್ಚಲು ಕೂಡಿಸಿ, ಬಣ್ಣ ಹೊಡೆದರೆ ಇಬ್ಬರು ಮುದುಕರಿಗೆ ಸಾಲುವಷ್ಟು ಮನೆಯಾಗುತ್ತದೆ ಎಂದು ಅವರು ಫೋನಿನಲ್ಲಿ ನೋಡಿದ್ದರು. ದೇಶ ದೇಶ ಸುತ್ತಿ ಸುಸ್ತಾದ ಕಂಟೇನರು, ನಾಲ್ಕು ತಾಲೂಕು ಸುತ್ತಿ ಸುಸ್ತಾದ ತಾವು, ಇಬ್ಬರೂ ಕೂಡಿ ನಿವೃತ್ತರಾಗುವುದು ಅವರಿಗೆ ಬಹಳ ಘನವಾದ ವಿಚಾರವೆನಿಸಿತ್ತು.

ಹೆಂಡತಿ ಅನ್ನಪೂರ್ಣಾಗೆ ಮಾತ್ರ ಅದು ಅಷ್ಟು ಘನವೆನಿಸಲಿಲ್ಲ. ರಾಮದುರ್ಗ, ಕಿತ್ತೂರು, ಸವದತ್ತಿ, ಬೈಲಹೊಂಗಲ ಅಂತ ಗಂಡನ ವರ್ಗಾವಣೆಯ ಹಿಂದೆ ಹೊಲಿಗೆ ಮಷೀನು ಹೊತ್ತುಕೊಂಡು ಆಕೆ ಹನ್ನೊಂದು ಬಾಡಿಗೆ ಮನೆ ಕಂಡವಳು. ಹೋದಲ್ಲೆಲ್ಲ ಬ್ಲೌಸು ಹೊಲಿದು ಗಿರಾಕಿ ಮಾಡಿಕೊಂಡು, ಗಿರಾಕಿ ಕೂಡಿಬಂದ ಹೊತ್ತಿಗೆ ಗಂಟು ಕಟ್ಟಿದವಳು.

"ನನಗ ಜಾಗಾ ಬಿಟ್ಟ ಏಳದಂಥಾ ಮನಿ ಬೇಕ್ರಿ" ಎಂದಳು. "ಗಾಲಿ ಮ್ಯಾಲ ಬರೂ ಡಬ್ಬಿ ನಾಳೆ ಗಾಲಿ ಮ್ಯಾಲ ಹೋದ್ರ?"

"ಹುಚ್ಚಿ, ಐದಾರ ಟನ್ ಕಬ್ಬಣ ಅದು. ಒಮ್ಮೆ ಕುಂತ್ರ ಕುಂತಂಗ."

"ಇಳಸೂ ಮೊದ್ಲ ಪ್ಲಾಟ್ ಯಾರ ಕಡಿಂದರ ಅಳಸ್ರಿ."

ಮಡಿವಾಳೆಪ್ಪನವರು ಕನ್ನಡಕ ತೆಗೆದು ಆಕೆಯನ್ನು ನೋಡಿದರು. "ಮೂವತ್ತನಾಲ್ಕ ವರ್ಷ ಊರವರ ಹದ್ದ ತೋರಿಸಿದಾಂವ ನಾ. ನನ್ನ ಪ್ಲಾಟ್ ಅಳಿಯಾಕ ಇನ್ನೊಬ್ಬನ್ನ ಕರೀಲ್ಯಾ?"

"ಬ್ಲೌಸಿನ ಅಳತಿ ತಪ್ಪಿದ್ರ ನಾ ಹೊಲಿಗಿ ಬಿಚ್ಚತೇನಿ. ನೀವ ಮನಿ ಹೆಂಗ ಬಿಚ್ಚತೀರಿ?"

ಆ ಪ್ರಶ್ನೆಗೆ ಉತ್ತರ ಕೊಡುವುದು ತಮ್ಮ ದರ್ಜೆಗೆ ಕಡಿಮೆ ಎಂದು ಅವರು ಟೇಪು ತೆಗೆದುಕೊಂಡು ಹೊರಟರು.

ಪ್ಲಾಟು ಬೈಲಹೊಂಗಲದ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷದ ದಾರಿ. ಹನ್ನೆರಡು ವರ್ಷದ ಹಿಂದೆ ಕೊಂಡು, ಒಂದೆರಡು ಸಲ ಬಂದು ನೋಡಿ, ಮರೆತ ಜಾಗ. ನಂಬರು ಹದಿನೆಂಟು. ಲೇಔಟಿನಲ್ಲಿ ಅಲ್ಲೊಂದು ಇಲ್ಲೊಂದು ಮನೆ ಎದ್ದಿದ್ದವು, ಉಳಿದಲ್ಲಿ ಜಾಲಿ ಬೆಳೆದಿತ್ತು. ನಂಬರಿನ ಕಲ್ಲುಗಳೆಲ್ಲ ಟ್ರ್ಯಾಕ್ಟರು ಹಾಯ್ದು ಮಾಯವಾಗಿದ್ದವು. ಹುಡುಕಿದಾಗ ರಸ್ತೆ ಬದಿಗೆ ಮಣ್ಣಿನಲ್ಲಿ ಅರ್ಧ ಹೂತ ಒಂದು ಕಲ್ಲು ಸಿಕ್ಕಿತು. ಮಡಿವಾಳೆಪ್ಪನವರು ಅದನ್ನು ಬೂಟಿನಿಂದ ಎರಡು ಸಲ ತಟ್ಟಿ, ಹದಿನೆಂಟರ ಮೂಲೆಗಲ್ಲು ಎಂದು ತೀರ್ಪು ಕೊಟ್ಟರು. ಅಲ್ಲಿಂದ ಟೇಪು ಎಳೆದು ನಾಲ್ಕು ಮೂಲೆಗೂ ಸುಣ್ಣ ಸುರಿದರು.

ಸುಣ್ಣದ ಗೆರೆಯೊಳಗೆ ಎರಡು ವಿಚಿತ್ರ ಕಂಡವು. ಒಂದು, ಕೊಂಡಾಗ ತಮ್ಮ ಪ್ಲಾಟಿನ ಮೇಲೆ ಹಾಯ್ದಿದ್ದ ಕರೆಂಟಿನ ತಂತಿ ಈಗ ಇರಲಿಲ್ಲ, ಪಕ್ಕದ ಪ್ಲಾಟಿನ ಮೇಲೆ ಇತ್ತು. "ಕರೆಂಟಿನವರು ಲೈನ್ ಸರಿಸ್ಯಾರ" ಎಂದುಕೊಂಡರು. ಇನ್ನೊಂದು, ತಾವು ಹಚ್ಚದ ಮೂರು ಗಿಡ ಅಲ್ಲಿ ಬೆಳೆದಿದ್ದವು. ಒಂದು ನುಗ್ಗೆ, ಒಂದು ಲಿಂಬೆ, ಮೂಲೆಯಲ್ಲೊಂದು ಕರಿಬೇವು. ಬುಡಕ್ಕೆ ನೀರು ನಿಲ್ಲುವಂತೆ ಯಾರೋ ಅಚ್ಚುಕಟ್ಟಾಗಿ ಮಡಿ ಮಾಡಿದ್ದರು. "ಅತಿಕ್ರಮಣ" ಎಂದು ಅದಕ್ಕೂ ಒಂದು ಶಬ್ದ ಸಿಕ್ಕಿತು.

ಗಿಡ ಕಡಿಯುವ ದಿನ ಅನ್ನಪೂರ್ಣಾ ಜೊತೆಗೆ ಬಂದಿದ್ದಳು. "ಫಲಾ ಕೊಡೂ ಗಿಡಾ ರೀ. ಯಾರೋ ನೀರ ಹಾಕ್ಯಾರ. ಕೇಳಿ ನೋಡ್ರಿ ಮೊದ್ಲ."

"ನನ್ನ ಜಾಗಾದಾಗಿನ ಗಿಡಕ್ಕ ನಾ ಯಾರನ್ನ ಕೇಳಬೇಕು?"

ನುಗ್ಗೆ ಬಿತ್ತು, ಲಿಂಬೆ ಬಿತ್ತು. ಕರಿಬೇವಿನ ಮುಂದೆ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತುಬಿಟ್ಟಳು. "ಇದು ಮೂಲ್ಯಾಗ ಐತಿ. ನಿಮ್ಮ ಡಬ್ಬಿಗೇನೂ ಅಡ್ಡ ಬರೂದಿಲ್ಲ." ಅಡುಗೆಗೆ ಬೇಕಾದೀತು ಎಂದು ಮಡಿವಾಳೆಪ್ಪನವರು ಅದಕ್ಕೆ ಜೀವದಾನ ಮಾಡಿದರು.

ಆರು ಕಾಂಕ್ರೀಟ್ ಕಟ್ಟೆ ಎದ್ದವು. ಹುಬ್ಬಳ್ಳಿಯಿಂದ ಕಿತ್ತೂರಿನ ಮೇಲೆ ಹಾಯ್ದು, ನಲವತ್ತಡಿ ಉದ್ದದ ಆಕಾಶನೀಲಿ ಮನೆ ಲಾರಿಯ ಮೇಲೆ ಮಲಗಿಕೊಂಡು ಬಂತು. ಕ್ರೇನು ಅದನ್ನೆತ್ತಿದಾಗ ಮಡಿವಾಳೆಪ್ಪನವರು ಕೆಳಗೆ ನಿಂತು, ಎಡಕ್ಕೆ ಬಲಕ್ಕೆ ಕೈಯಾಡಿಸುತ್ತ, ಸುಣ್ಣದ ಗೆರೆಗೆ ಒಂದು ಬೆರಳೂ ತಪ್ಪದಂತೆ ಇಳಿಸಿದರು. ಬೆಳಿಗ್ಗೆ ಬಯಲಿದ್ದಲ್ಲಿ ಮಧ್ಯಾಹ್ನಕ್ಕೆ ಬಾಗಿಲು, ಐದು ಕಿಟಕಿ, ಒಂದು ಏಸಿ. ನೋಡಿದವರು ಬಾಯಿಮೇಲೆ ಬೆರಳಿಟ್ಟುಕೊಂಡರು. ಸಂಜೆಯೊಳಗೆ ಲೇಔಟಿನವರು ಅದಕ್ಕೆ ಡಬ್ಬಿ ಮನೆ ಎಂದು ಹೆಸರಿಟ್ಟಿದ್ದರು.

ಗೃಹಪ್ರವೇಶಕ್ಕೆ ಅವರ ಹಳೆಯ ಗೆಳೆಯ, ನಿವೃತ್ತ ಗುಮಾಸ್ತ ಬಸಲಿಂಗಪ್ಪ ತನ್ನ ಆಕಳನ್ನು ಹೊಡೆದುಕೊಂಡು ಬಂದ. ಮೊದಲ ಹೆಜ್ಜೆ ಒಳಗಿಟ್ಟಾಗ ತನ್ನ ಗೊರಸಿನ ಸದ್ದಿಗೆ ತಾನೇ ಬೆದರಿ ಆಕಳು ಹಿಂದೆ ಸರಿಯಿತು. ಬಸಲಿಂಗಪ್ಪ ಮುಂದಿನಿಂದ ಎಳೆದ, ಮಡಿವಾಳೆಪ್ಪನವರು ಹಿಂದಿನಿಂದ ನೂಕಿದರು, ಅಯ್ಯನೋರು ಬೇಗ ಬೇಗ ಮಂತ್ರ ಹೇಳಿದರು. ಒಳಗೆ ಹೋದ ಆಕಳಿಗೆ ಏಸಿಯ ತಂಪು ಹತ್ತಿತು. ಹೊರಗೆ ಬರಲು ಒಪ್ಪಲೇ ಇಲ್ಲ. ಬಂದವರೆಲ್ಲ ಬಿಸಿಲಿನಲ್ಲಿ ಕುಳಿತು ಹೋಳಿಗೆ ಉಂಡರು, ಆಕಳು ಒಳಗೆ ಕಣ್ಣು ಮುಚ್ಚಿ ಮೆಲುಕು ಹಾಕುತ್ತ ನಿಂತಿತ್ತು.

"ಜಾಗಾದ ಗುಣಾ" ಎಂದ ಬಸಲಿಂಗಪ್ಪ. "ಆಕಳಾ ಒಪ್ಪಿದ ಜಾಗಾ."

ಅದೂ ಸರಿಯೇ. ಜಾಗ ಒಳ್ಳೆಯದೇ ಇತ್ತು.

ನಾಲ್ಕು ದಿನ ಕಳೆದಿರಬೇಕು. ಮಡಿವಾಳೆಪ್ಪನವರು ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ಖಾಕಿ ಅಂಗಿಯ ಮನುಷ್ಯನೊಬ್ಬ, ಎರಡೂ ಕೈಯಲ್ಲಿ ಒಂದೊಂದು ನೀರಿನ ಬಾಟಲಿ ಹಿಡಿದುಕೊಂಡು, ರಸ್ತೆಯಲ್ಲೇ ನಿಂತ. ನೀಲಿ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಆಮೇಲೆ ಕಡಿದ ಬೊಡ್ಡೆ ನೋಡಿದ.

"ಸಾಹೇಬ್ರ, ಇಲ್ಲೊಂದ ಲಿಂಬಿ ಗಿಡಾ ಇತ್ತಲ್ರಿ."

"ಇತ್ತು. ನೀ ಯಾರು?"

"ಕಾಡಪ್ಪ ಅಂತ್ರಿ. ರಾಮದುರ್ಗ ಡಿಪೋದಾಗ ಡ್ರೈವರ್ ಅದೇನಿ. ಬಸ್ ಇಲ್ಲೆ ತಾಸೊತ್ತು ನಿಂದರತೈತಿ, ಆವಾಗ ಬಂದ ನೀರ ಹಾಕ್ತಿದ್ದೆ. ಹದಿನೇಳ ನಮ್ದ್ರಿ."

"ಹದಿನೇಳ ನಿಂದಾದ್ರ ಹದಿನೇಳರಾಗ ಗಿಡಾ ಹಚ್ಚು. ಇದು ಹದಿನೆಂಟು."

ಕಾಡಪ್ಪ ಸುತ್ತ ನೋಡಿದ. "ನನಗ ಇದ ಹದಿನೇಳ ಅಂತ ತೋರಿಸಿದ್ರಲ್ರಿ."

"ತೋರಿಸಿದಾಂವ ಸರ್ವೇಯರ್ ಇದ್ನೇನು?"

"ಇಲ್ರಿ. ಪ್ಲಾಟ್ ಮಾರಿದಾವ್ರ ತೋರಿಸಿದ್ರು."

"ನಾ ಸರ್ವೇಯರ್ ಅದೇನಿ."

ಕಾಡಪ್ಪ ಗಡಿಯಾರ ನೋಡಿಕೊಂಡ. "ಬಸ್ ಬಿಡೂ ಹೊತ್ತಾತ್ರಿ. ಮತ್ತ ಬರತೇನಿ." ಹೋಗುವ ಮುನ್ನ ಎರಡೂ ಬಾಟಲಿ ನೀರನ್ನು ಕರಿಬೇವಿಗೆ ಹಾಕಿದ. ಮೂರು ಗಿಡದ ನೀರು ಒಂದಕ್ಕೇ ಬಿದ್ದು ಮಡಿ ತುಂಬಿ ಹರಿಯಿತು.

ಹೀಗೆ ಜಗಳ ಬಸ್ಸಿನ ವೇಳಾಪಟ್ಟಿಗೆ ಹೊಂದಿಕೊಂಡು ಕಂತು ಕಂತಾಗಿ ನಡೆಯಿತು. ಎರಡು ದಿನಕ್ಕೊಮ್ಮೆ ಕಾಡಪ್ಪ ಬರುತ್ತಿದ್ದ, ಮೆಲ್ಲಗೆ ಒಂದು ಮಾತು ಹೇಳುತ್ತಿದ್ದ. ಮಡಿವಾಳೆಪ್ಪನವರು ಕಾಯಿದೆ ಕಲಮುಗಳ ಮೇಲೆ ಭಾಷಣ ಶುರು ಮಾಡಿ ರಂಗೇರುವ ಹೊತ್ತಿಗೆ, "ಟೈಮ್ ಆತ್ರಿ" ಎಂದು ಹೋಗಿಬಿಡುತ್ತಿದ್ದ. ಅರ್ಧ ಭಾಷಣ ಒಳಗೇ ಉಳಿದು ಅವರಿಗೆ ಉಂಡದ್ದು ಕರಗುತ್ತಿರಲಿಲ್ಲ. ಒಂದು ದಿನ ಆತ ಖರೀದಿ ಪತ್ರದ ಝೆರಾಕ್ಸು, ಲೇಔಟಿನ ನಕ್ಷೆ ತಂದ. ಮಡಿವಾಳೆಪ್ಪನವರು ಕೈ ಸಹ ಚಾಚಲಿಲ್ಲ.

"ಕಾಗದಾ ಬರದಾಂವನ ನಾ. ನನಗ ಕಾಗದಾ ತೋರಸ್ತಿಯೇನು?"

"ಹಂಗಲ್ರಿ ಸಾಹೇಬ್ರ. ನೀವ ಇನ್ನೊಮ್ಮೆ ಅಳದ ನೋಡ್ರಿ ಸಾಕು. ನೀವು ಹೇಳಿದ್ರ ನಾ ಒಪ್ಪತೇನಿ."

"ಒಳಗಿಂದೊಳಗ ಯಾಕ? ಸರಕಾರಿ ಮೋಜಣಿನ ಮಾಡಸೂಣು. ಎಲ್ಲಾರ ಮುಂದ ಅಳೀಲಿ, ಎಲ್ಲಾರೂ ನೋಡ್ಲಿ."

"ಎಲ್ಲಾರ ಮುಂದ ಬ್ಯಾಡ್ರಿ" ಎಂದ ಕಾಡಪ್ಪ.

ಹೆದರಿದ, ಎಂದುಕೊಂಡರು ಮಡಿವಾಳೆಪ್ಪನವರು. ಆ ಮನುಷ್ಯ ಹೆದರಿದ್ದು ತಮ್ಮ ಸಲುವಾಗಿ ಎಂಬುದು ಅವರಿಗೆ ತಿಳಿಯಲು ಇನ್ನೂ ಹತ್ತು ದಿನ ಬೇಕಾಯಿತು.

ಅಳೆಯಲು ಬಂದವನು ಕಲ್ಮೇಶ. ಮಡಿವಾಳೆಪ್ಪನವರ ಕೈಕೆಳಗೆ ಐದು ವರ್ಷ ಪಳಗಿದ ಹುಡುಗ, ಈಗ ಬೈಲಹೊಂಗಲದಲ್ಲಿ ಅವರ ಹಳೆಯ ಕುರ್ಚಿಯಲ್ಲೇ ಕೂಡುವವನು. ಲೇಔಟಿನ ಜನ ನೆರೆದರು. ಬಸಲಿಂಗಪ್ಪ ಬಂದ. ರಾಮದುರ್ಗದಿಂದ ಕಾಡಪ್ಪ ತಾನೇ ಓಡಿಸಿದ ಬಸ್ಸಿನಲ್ಲಿ ಹೆಂಡತಿ ಕೆಂಪವ್ವನನ್ನು ಕರೆತಂದಿದ್ದ. ಆಕೆ ಯಾರ ಮಾತಿಗೂ ಬರದೆ ಕರಿಬೇವಿನ ಹತ್ತಿರ ಹೋಗಿ ಕುಳಿತಳು. ಮಡಿವಾಳೆಪ್ಪನವರು ಇಸ್ತ್ರಿಯ ಅಂಗಿ ಹಾಕಿ, ನಿವೃತ್ತಿಯಲ್ಲಿ ಬಂದ ಶಾಲು ಹೊದ್ದು, ಎಲ್ಲರಿಗೂ ಕುರ್ಚಿ ಹಾಕಿಸಿದ್ದರು.

ಕಲ್ಮೇಶ ಅಳತೆಯ ಮಷೀನಿನ ಕೋಲು ನಿಲ್ಲಿಸಿ ನೋಡಿದ. ಇನ್ನೊಂದು ಕಡೆ ನಿಲ್ಲಿಸಿ ನೋಡಿದ. ನಕ್ಷೆ ಬಿಡಿಸಿದ, ಮಡಚಿದ, ಮತ್ತೆ ಬಿಡಿಸಿದ. ಮೂರನೇ ಸಲ ಅಳೆಯುವಾಗ ಅವನ ಅಂಗಿಯ ಬೆನ್ನು ತೊಯ್ದಿತ್ತು.

"ಸರ್, ಒಂದ ಸ್ವಲ್ಪ ಈ ಕಡೆ ಬರ್ತೀರಿ?"

"ಯಾಕ? ಇಲ್ಲೇ ಹೇಳಪಾ. ಎಲ್ಲಾರೂ ಕೇಳ್ಲಿ."

"ಆ ಕಡೆ ಹೋಗಿ ಮಾತಾಡೂಣ್ರಿ ಸರ್."

"ಅಷ್ಟ ಗುಟ್ಟಿಂದಿದ್ರ ಒಳಗ ನಡಿ. ಏಸಿ ಐತಿ, ತಂಪಾಗಿ ಮಾತಾಡೂಣು."

ಕಲ್ಮೇಶ ಕಾಲಿನ ಹೆಬ್ಬೆರಳನ್ನು ನೋಡುತ್ತ ಹೇಳಿದ. "ಒಳಗ ಹೋದ್ರ ಹದಿನೇಳಕ್ಕ ಹೋದಂಗ ಆಕ್ಕೈತ್ರಿ ಸರ್."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಬಸಲಿಂಗಪ್ಪ ಬಾರದ ಫೋನೊಂದನ್ನು ಕಿವಿಗೆ ಹಚ್ಚಿಕೊಂಡು ದೂರ ಹೋದ. ಮಡಿವಾಳೆಪ್ಪನವರು ರಸ್ತೆ ಬದಿಯ ಕಲ್ಲಿನ ಕಡೆ ಬೆರಳು ಮಾಡಿದರು. ಕಲ್ಮೇಶ ಹೋಗಿ ಕೈಯಿಂದಲೇ ಮಣ್ಣು ಸರಿಸಿದ. ಕಲ್ಲಿನ ಮೇಲೆ ಮಾಸಿದ ನೀಲಿ ಬಣ್ಣದಲ್ಲಿ "ನೀರಿನ ಪೈಪು ಇದೆ, ಅಗೆಯಬಾರದು" ಎಂದಿತ್ತು.

ಮೂವತ್ತನಾಲ್ಕು ವರ್ಷದ ಸರ್ವೇಯರು ನೀರಿನ ಪೈಪಿನ ಕಲ್ಲು ಹಿಡಿದು ಪರರ ಜಾಗದಲ್ಲಿ ತನ್ನ ಮನೆ ಇಳಿಸಿದ್ದ. ಸುಣ್ಣದ ಗೆರೆಗೆ ಒಂದು ಬೆರಳೂ ತಪ್ಪದಂತೆ ಇಳಿಸಿದ್ದ.

ಬಿಸಿಲು ಏರುತ್ತಿತ್ತು. ಹೆಗಲ ಮೇಲಿನ ಶಾಲು ಕಂಬಳಿಯಂತೆ ಕಾಯತೊಡಗಿತು, ತೆಗೆದರೆ ಇನ್ನೂ ಎದ್ದು ಕಾಣುತ್ತೇನೆ ಎನ್ನಿಸಿ ಅವರು ತೆಗೆಯಲಿಲ್ಲ. ಅನ್ನಪೂರ್ಣಾ ಬಾಗಿಲಿಗೆ ಬಂದಳು. ಗಂಡನ ಮುಖ ನೋಡಿದಳು. ನೆಟ್ಟಗೆ ಕೆಂಪವ್ವನ ಹತ್ತಿರ ಹೋಗಿ, "ಚಾ ಮಾಡೇನ್ರೆವಾ, ಏಳ್ರಿ" ಎಂದಳು.

ಕೆಂಪವ್ವ ಎದ್ದು ಬಾಗಿಲವರೆಗೆ ಬಂದು ಚಪ್ಪಲಿ ಬಿಟ್ಟು ನಿಂತಳು. "ಒಳಗ ಬರ್ಲೇನ್ರಿ?"

"ಆ ಮಾತ ನಾವ ನಿಮ್ಮನ್ನ ಕೇಳಬೇಕ್ರೆವಾ."

ಜನ ಒಬ್ಬೊಬ್ಬರೇ ಕರಗಿದರು. ಕಲ್ಮೇಶ ಪಾದ ಮುಟ್ಟಿ ನಮಸ್ಕರಿಸಿ ಹೋದ, ಅದು ಅಳತೆಗಿಂತ ಹೆಚ್ಚು ನೋವು ಕೊಟ್ಟಿತು. ಅಂಗಳದಲ್ಲಿ ಖಾಲಿ ಕುರ್ಚಿಗಳ ನಡುವೆ ಮಡಿವಾಳೆಪ್ಪನವರು ಒಬ್ಬರೇ ಉಳಿದರು. ಬಾಗಿಲು ತೆರೆದೇ ಇತ್ತು. ಒಳಗೆ ಹೇಗೆ ಕಾಲಿಡುವುದು ತಿಳಿಯಲಿಲ್ಲ.

ಕಾಡಪ್ಪನೇ ಬಂದ. "ಬಿಸಲಾಗ ಯಾಕ ನಿಂತೀರಿ ಸಾಹೇಬ್ರ? ನಡ್ರಿ ಒಳಗ."

ತಮ್ಮ ಮನೆಯೊಳಗೆ ತಮ್ಮನ್ನು ಕಾಡಪ್ಪ ಕರೆದೊಯ್ದ. ಚಹಾದ ಬಟ್ಟಲು ಹಿಡಿದು ಕುಳಿತ ಮಡಿವಾಳೆಪ್ಪನವರು ಗಂಟಲು ಸರಿಮಾಡಿಕೊಂಡು, "ಕಾಡಪ್ಪ" ಎಂದು ತಡೆದು, "ಕಾಡಪ್ಪನವರ, ಇನ್ನೊಂದ ಸ್ವಲ್ಪ ತಗೋರಿ" ಎಂದರು. ಇಷ್ಟು ದಿನ 'ನೀ' ಅಂದದ್ದು ಆ ಒಂದು 'ತಗೋರಿ'ಯಲ್ಲಿ ತೊಳೆದುಹೋಗುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಅನ್ನಪೂರ್ಣಾ ತಲೆ ಎತ್ತಿ ನೋಡಿ ಮತ್ತೆ ಬಗ್ಗಿಸಿದಳು.

"ಕ್ರೇನ್ ಸಿಗೂತನಕ ಇರ್ರಿ" ಎಂದ ಕಾಡಪ್ಪ. "ಅವಸರಿಲ್ಲ. ನಾವೇನ ಈಗ ಕಟ್ಟಾಕ ಹತ್ತಿಲ್ಲ."

ಕೆಂಪವ್ವ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. "ಲಿಂಬಿ ಗಿಡಾ ಮೊದ್ಲನೇ ಸಲ ಹೂವ ಬಿಟ್ಟಿತ್ತು ಈ ವರ್ಷ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಯಾರಿಗೆಂದೂ ಹೇಳಲಿಲ್ಲ. ಮಡಿವಾಳೆಪ್ಪನವರ ಕೈಯಲ್ಲಿ ಚಹಾ ಕೆನೆ ಕಟ್ಟಿತು.

ಮುಂದಿನ ಹದಿನೈದು ದಿನ ಅವರು ಬೈಲಹೊಂಗಲದ ಓಣಿ ಓಣಿಗಳ ಹೊಸ ಮೋಜಣಿ ಮಾಡಿದರು. ಹಾಲಿಗೆ ಹೋಗಲು ಪರಿಚಯದವರಿಲ್ಲದ ಸಂದಿ ಯಾವುದು, ಕಟಿಂಗ್ ಅಂಗಡಿಯಲ್ಲಿ ಜನ ಇಲ್ಲದ ಹೊತ್ತು ಯಾವುದು, ಬಸಲಿಂಗಪ್ಪನ ಮನೆ ತಪ್ಪಿಸಲು ಎಷ್ಟು ಸುತ್ತು ಹಾಕಬೇಕು. ಆದರೂ ತಪ್ಪಲಿಲ್ಲ. ತರಕಾರಿ ಮಾರುವ ಬಾಯವ್ವ ತಕ್ಕಡಿ ಎತ್ತಿ, "ಅಳತಿ ಬರೋಬ್ಬರಿ ಐತೇನ್ ನೋಡ್ರಿ ಸಾಹೇಬ್ರ" ಎಂದಳು. ಆಕೆ ಎಲ್ಲರಿಗೂ ಹಾಗೇ ಅನ್ನುತ್ತಾಳೆ. ಅವರು ಬದನೆಕಾಯಿ ಬಿಟ್ಟು ಬಂದರು.

ಮನೆಯಲ್ಲೂ ನೆಮ್ಮದಿಯಿಲ್ಲ. ಗೋಡೆಗೆ ಮೊಳೆ ಹೊಡೆಯಲು ಸಂಕೋಚ, ಅಂಗಳಕ್ಕೆ ನೀರು ಚೆಲ್ಲಲು ಸಂಕೋಚ. ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರ್ನು ಕೇಳಿದರೆ ಎದ್ದು ನಿಲ್ಲುತ್ತಿದ್ದರು.

ಒಂದು ಮಧ್ಯಾಹ್ನ ಹೊಲಿಗೆ ಮಷೀನು ನಿಲ್ಲಿಸಿ ಅನ್ನಪೂರ್ಣಾ ಕೇಳಿದಳು: "ಎಷ್ಟ ದಿನ ಹಿಂಗ ಗ್ವಾಡಿ ನೋಡ್ಕೋತ ಕುಂದರಾವ್ರು?"

"ಒಂದ ವಿಚಾರ ಬರಾಕ ಹತ್ತೇತಿ" ಎಂದರು. "ಆ ಕಾಗದಾ ನಾ ಕೈಯಾಗ ಹಿಡದ ನೋಡಿದ್ರ ಅವತ್ತ ತಿಳೀತಿತ್ತು. ನೋಡ್ಲಿಲ್ಲ. ಮೂವತ್ತನಾಲ್ಕ ವರ್ಷದಾಗ ಹಿಂಗ ಎಷ್ಟ ಮಂದಿ ಕಾಗದಾ ತಂದಿದ್ರೋ. ಎಷ್ಟ ಮಂದಿಗೆ ಹಂಗ ಅಂದ ಕಳಿಸೇನೋ."

ಅನ್ನಪೂರ್ಣಾ ಸೂಜಿಗೆ ದಾರ ಪೋಣಿಸಿದಳು. ಸಮಾಧಾನ ಹೇಳುತ್ತಾಳೆ ಎಂದು ಅವರು ಕಾದರು. "ಮಂದಿ ಇದ್ದಿರಬೇಕು" ಎಂದು ಆಕೆ ಮತ್ತೆ ಮಷೀನು ತುಳಿದಳು.

ಕೊನೆಗೆ ಕ್ರೇನು ಸಿಕ್ಕಿತು. ಈ ಸಲ ಕಲ್ಮೇಶನೇ ಬಂದು ಹದಿನೆಂಟರ ಮೂಲೆಗಳಿಗೆ ಗೂಟ ಹೊಡೆದುಕೊಟ್ಟಿದ್ದ, ಅಲ್ಲಿ ಆರು ಹೊಸ ಕಟ್ಟೆ ಎದ್ದಿದ್ದವು. ಹಿಂದಿನ ದಿನ ಅನ್ನಪೂರ್ಣಾ ಒಂದೇ ಕರಾರು ಹಾಕಿದಳು.

"ನಾಳೆ ನೀವ ಬಾಯಿ ಬಿಚ್ಚಬಾರದು. ಎಡಕ್ಕ, ಬಲಕ್ಕ, ಒಂಚೂರ ಹಿಂದ, ಒಂದೂ ಇಲ್ಲ. ಕ್ರೇನಿನಾಂವ ಹೆಂಗ ಇಳಸ್ತಾನೋ ಹಂಗ."

"ಇಲ್ಲ, ಬಿಚ್ಚೂದಿಲ್ಲ."

"ಆಣಿ ಮಾಡ್ರಿ."

ಮಡಿವಾಳೆಪ್ಪನವರು ಆಣೆ ಮಾಡಿದರು. ಆ ಆಣೆ ಅವರಿಗೆ ಹಗುರವೇ ಎನಿಸಿತು. ಈ ಬಾಯಿಂದ ಇನ್ನು ಅಳತೆಯ ಮಾತು ಬರಲೇಬಾರದು ಎಂದು ತಾವೇ ನಿಶ್ಚಯಿಸಿದ್ದರು.

ಮರುದಿನ ಪಾತ್ರೆ, ಗಾದಿ, ಹೊಲಿಗೆ ಮಷೀನು ಎಲ್ಲ ರಸ್ತೆಗೆ ಬಂದವು. ಅನ್ನಪೂರ್ಣಾ ಅವುಗಳ ನಡುವೆ ಕುಳಿತಳು. ಅದು ಆಕೆಯ ಹನ್ನೆರಡನೇ ಗಂಟು. ಕ್ರೇನಿನವನು ಮೇಲಿನ ತಂತಿ ನೋಡಿ, "ಆ ಕಡೆ ಕರೆಂಟ್ ಐತ್ರಿ, ಈ ಹದ್ದಿಗೆ ಒತ್ತಿ ಇಳಸ್ತೇನಿ" ಎಂದ. ಕಟ್ಟೆ ಕಟ್ಟಿದ್ದೂ ಆ ಲೆಕ್ಕದಲ್ಲೇ, ಹದಿನೇಳರ ಗಡಿಗೆ ಒಂದೂವರೆ ಅಡಿ ಬಿಟ್ಟು. ಮನೆ ಮೇಲೆದ್ದಿತು. ತಂತಿಗೆ ತಾಗಬಾರದೆಂದು ಅವನು ಅದನ್ನು ರಸ್ತೆಯ ಮೇಲೆ ತಂದು, ಸುತ್ತು ಹಾಕಿಸಿ, ಮೆಲ್ಲಗೆ ಒಳಗೆ ತಂದ. ಆ ಸುತ್ತಿನಲ್ಲಿ ಮುಂದಿನದು ಹಿಂದೆ ಹೋಯಿತು. ಬಾಗಿಲು ತಮ್ಮ ಅಂಗಳದ ಕಡೆ ಬರುವ ಬದಲು ಗಡಿಯ ಕಡೆ ತಿರುಗಿತು.

ಮಡಿವಾಳೆಪ್ಪನವರು ಅದನ್ನು ಸ್ಪಷ್ಟವಾಗಿ ನೋಡಿದರು. ಬಾಯಿ ತೆರೆದರು. ಆಣೆ ನೆನಪಾಯಿತು. ಮುಚ್ಚಿದರು. ಅವನಿಗೆ ಗೊತ್ತಿರುತ್ತದೆ, ಕೊನೆಗೆ ತಿರುಗಿಸುತ್ತಾನೆ ಎಂದುಕೊಂಡರು. ಇನ್ನೂ ಒಂದು ಮನಸ್ಸು, ನೀನು ಕಂಡದ್ದು ಸರಿ ಎಂದು ಯಾವ ಧೈರ್ಯದ ಮೇಲೆ ಹೇಳುತ್ತೀ ಎಂದಿತು. ಹಲ್ಲು ಕಚ್ಚಿ ಆಕಾಶ ನೋಡುತ್ತ ನಿಂತರು. ಮನೆ ಕಟ್ಟೆಯ ಮೇಲೆ ಕುಳಿತಿತು. ಕ್ರೇನಿನವನು ಬೆಲ್ಟು ಬಿಚ್ಚಿ, ಯರಗಟ್ಟಿಯಲ್ಲಿ ಇನ್ನೊಂದು ಕೆಲಸವಿದೆ ಎಂದು ಹೊರಟೇಹೋದ.

ಅನ್ನಪೂರ್ಣಾ ಕೈಯಲ್ಲಿ ದೇವರ ಫೋಟೊ ಹಿಡಿದುಕೊಂಡು ಎದ್ದು ಬಂದಳು. ಅಂಗಳದ ಕಡೆಯಿಂದ ನೋಡಿದಳು, ಬರೀ ನೀಲಿ ಗೋಡೆ. ಸುತ್ತು ಹಾಕಿ ಆ ಕಡೆ ಹೋದಳು. ಬಾಗಿಲಿನ ಮೆಟ್ಟಿಲು ಇಡಬೇಕಾದ ಜಾಗ ಹದಿನೇಳರಲ್ಲಿತ್ತು.

"ಬಾಗಲಾ ಈ ಕಡೆ ಬಂದೈತಿ" ಎಂದಳು.

"ಹೌದು."

"ನೀವ ನೋಡಿದ್ರೇನು?"

"ನೋಡ್ದೆ."

"ಮತ್ತ ಹೇಳಬಾರದಾಗಿತ್ತ?"

"ನೀನ ಬಾಯಿ ಬಿಚ್ಚಬ್ಯಾಡ ಅಂದಿದ್ದಿ."

ಅನ್ನಪೂರ್ಣಾ ಫೋಟೊವನ್ನು ಎದೆಗವಚಿಕೊಂಡು ಬಹಳ ಹೊತ್ತು ಗಂಡನನ್ನೇ ನೋಡಿದಳು. ಬೈಯುತ್ತಾಳೆ ಎಂದು ಅವರು ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಆಕೆ ಸೆರಗು ಬಾಯಿಗಿಟ್ಟುಕೊಂಡು, ಹೊಟ್ಟೆ ಹಿಡಿದುಕೊಂಡು, ಕಟ್ಟೆಗೆ ಒರಗಿ ನಗುತ್ತಿದ್ದಳು. ಮೋಜಣಿಯಾದ ದಿನದಿಂದ ಆ ಮನೆಯಲ್ಲಿ ಕೇಳಿದ ಮೊದಲ ನಗೆ ಅದು. ಮಡಿವಾಳೆಪ್ಪನವರಿಗೆ ಅಳುವೇ ಬಂದಿತ್ತು, ಆದರೂ ಅದನ್ನು ಕೇಳಿ ಹಾಯೆನಿಸಿತು.

ಎರಡು ದಿನ ಬಿಟ್ಟು ಕಾಡಪ್ಪ ಬಂದಾಗ ಅವರು ಗಡಿಯಲ್ಲೇ ಕೈ ಕಟ್ಟಿ ನಿಂತಿದ್ದರು. "ಕಾಡಪ್ಪನವರ, ದಿನಾ ನಿಮ್ಮ ಜಾಗಾದಾಗ ಹಾದ ಹೋಗಾಕ ಹತ್ತೇವಿ. ಕ್ರೇನ್ ಮತ್ತ ತರಸ್ತೇನಿ."

ಕಾಡಪ್ಪ ಗಾಬರಿಯಾದ. "ಕ್ರೇನ್ ಒಂದ ಬ್ಯಾಡ್ರಿ ಸಾಹೇಬ್ರ. ಕರಿಬೇವರ ಉಳೀಲಿ."

"ಮತ್ತ ಹಾದಿ?"

"ಮೂರ ಅಡಿ ನಾ ಬಿಡತೇನಿ. ಅಡ್ಡಾಡ್ರಿ. ಅದರಾಗ ಏನೈತಿ."

ಮೂವತ್ತನಾಲ್ಕು ವರ್ಷ ಒಂದಡಿ ಎರಡಡಿಗಾಗಿ ಅಣ್ಣ ತಮ್ಮಂದಿರು ಕೊಡಲಿ ಹಿಡಿದದ್ದನ್ನು ಕಂಡವರು ಮಡಿವಾಳೆಪ್ಪನವರು. ಮೂರಡಿಯನ್ನು ಹೀಗೆ ಎರಡು ಬಾಟಲಿ ನೀರು ಹಿಡಿದುಕೊಂಡು ಬಿಟ್ಟುಕೊಟ್ಟವರನ್ನು ಕಂಡಿರಲಿಲ್ಲ. ಮರುವಾರ ಹೂಲಿಯ ಕಡೆಯಿಂದ ಒಂದು ಲಿಂಬೆ ಸಸಿ ತಂದರು. ಎಲ್ಲಿ ಹಚ್ಚಬೇಕೆಂದು ಕೆಂಪವ್ವ ಬಂದು ಕಾಲಿನಿಂದ ಗೀರಿ ತೋರಿಸುವವರೆಗೆ ಅದನ್ನು ಡಬ್ಬದಲ್ಲೇ ಇಟ್ಟು ಕಾದರು. ಬಿಸಿಲಿದ್ದ ದಿನ ಎರಡು ಹೊತ್ತು ನೀರು ಹಾಕಿದರು.

ಮುಂದಿನ ವರ್ಷ ಕಾಡಪ್ಪನೂ ನಿವೃತ್ತನಾದ. ಇಟ್ಟಿಗೆ ಸಿಮೆಂಟಿನ ಮನೆಗೆ ಕೈ ಹಚ್ಚಿದ. ಅಡಿಪಾಯ ಅಗೆಯುವ ಮೊದಲ ದಿನ ಗೌಂಡಿ ಮುತ್ತಪ್ಪ, ಅವನ ಆಳುಗಳು ಎಲ್ಲ ನಿಂತಿದ್ದಾಗ ಕಾಡಪ್ಪ ಕರೆದ: "ಸಾಹೇಬ್ರ, ನಿಮ್ಮ ಹಾದಿ ಮೂರ ಅಡಿ ನೀವ ಅಳದ ಕೊಡ್ರಿ."

ಮಡಿವಾಳೆಪ್ಪನವರು ವರ್ಷದಿಂದ ಟೇಪು ಮುಟ್ಟಿರಲಿಲ್ಲ. ಒಳಗಿನಿಂದ ತಂದು ಒರೆಸಿದರು. ಕಲ್ಮೇಶ ಹೊಡೆದ ಗೂಟದಿಂದ ಅಳೆದರು, ಮತ್ತೊಮ್ಮೆ ಅಳೆದರು, ಮೊಣಕಾಲೂರಿ ಮೂರನೇ ಸಲ ಅಳೆದರು. ಸುಣ್ಣದ ಗೆರೆ ಎಳೆದು ಎದ್ದು ನಿಂತರು.

ಕಾಡಪ್ಪ ಗೆರೆ ನೋಡಿ ತಲೆದೂಗಿದ. "ಬರೋಬ್ಬರಿ ಐತ್ರಿ. ನೀವ ಅಳದಮ್ಯಾಲ ಕೇಳೂದೇನೈತಿ."

ಮಡಿವಾಳೆಪ್ಪನವರು ಶಾಲಿಲ್ಲದ ಹೆಗಲನ್ನೇ ಒಮ್ಮೆ ಸರಿಮಾಡಿಕೊಂಡರು. ಟೇಪು ಸುತ್ತುತ್ತ ಎರಡು ಹೆಜ್ಜೆ ಹೋಗಿರಬೇಕು, ಹಿಂದೆ ಕಾಡಪ್ಪ ದನಿ ತಗ್ಗಿಸಿ ಹೇಳುವುದು ಕೇಳಿಸಿತು.

"ಮುತ್ತಪ್ಪಾ, ಗುದ್ದಲಿ ಹಾಕೂ ಮೊದ್ಲ ನೀ ಒಮ್ಮೆ ಅಳದ ಬಿಡು."

ಅವರು ನಿಂತರು. ತಿರುಗಿ ಬಂದು, ಸುತ್ತಿದ ಟೇಪನ್ನು ಮತ್ತೆ ಬಿಚ್ಚಿ ಗೌಂಡಿಯ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾವೇ ಹಿಡಿದು ಕುಳಿತರು.